ಯಾರು ಹೇಳಿದ್ದು ಆ ಮಾತು

ವಿಜಯಪುರ
14 ಜುಲೈ 2024

ಅಪ್ಪಾಜಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿಮಗೆ ಗಾಬರಿಯಾಗಿರಬಹುದು. ಗಾಬರಿಪಡುವಂಥದ್ದು ಏನೂ ಆಗಿಲ್ಲ. ನಾನೂ ಮಹಾಂತೇಶರೂ ಚೆನ್ನಾಗಿದ್ದೇವೆ. ಅಮ್ಮನ ಹತ್ತಿರ ವಾರವಾರವೂ ಫೋನಿನಲ್ಲಿ ಮಾತಾಡುತ್ತೇನಲ್ಲ, ನಿಮ್ಮ ಸುದ್ದಿ ನನಗೆ, ನನ್ನ ಸುದ್ದಿ ನಿಮಗೆ ಅವಳ ಬಾಯಿಂದ ಮುಟ್ಟುತ್ತಲೇ ಇರುತ್ತದೆ. ನೇರವಾಗಿ ನಿಮಗೆ ಅಂತ ಬರೆಯುತ್ತಿರುವುದು ಮೂರು ವರ್ಷದ ಮೇಲೆ ಇದೇ ಮೊದಲು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಧ್ವನಿ ಕೇಳಿದ ಕೂಡಲೇ ಕೇಳಬೇಕಾದದ್ದನ್ನು ಬಿಟ್ಟು ಬೇರೆ ಏನಾದರೂ ಅಂದುಬಿಡುತ್ತೇನೆ ಅನ್ನಿಸಿತು.

ಒಂದು ವಿಷಯ ಕೇಳುವುದಿದೆ. ಅದಕ್ಕೆ ಮುಂಚೆ ಜೀವಿತಾಳ ಬಗ್ಗೆ ಹೇಳಬೇಕು.

ನಮ್ಮ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ನನ್ನ ಪಕ್ಕದ ಮೇಜಿನವಳು. ಅವಳ ತಾಯಿ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಬೆಳಿಗ್ಗೆ ತಾಯಿಯನ್ನು ಎತ್ತಿ ಕೂರಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿ ಕೆಲಸಕ್ಕೆ ಬರುತ್ತಿದ್ದಳು. ಸಂಜೆ ಹೋದರೆ ಮತ್ತೆ ಅದೇ. ಹೋದ ತಿಂಗಳು ಆಕೆ ತೀರಿಕೊಂಡರು. ಬಂದವರೆಲ್ಲ 'ಅವರಿಗೂ ಬಿಡುಗಡೆ, ನಿನಗೂ ಬಿಡುಗಡೆ' ಎಂದು ಸಮಾಧಾನ ಹೇಳಿ ಹೋದರು. ರಜೆ ಮುಗಿಸಿ ಬಂದ ದಿನ ಜೀವಿತಾ ಮಣ್ಣಿನ ಪೊಟ್ಟಣಗಳನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. “ಇನ್ನ ನಿನ್ನ ಕೈ ಖಾಲಿ ಅಂತಾರ ಎಲ್ಲಾರೂ. ನನಗ ಹಂಗ ಅನಸವಲ್ದು ನೋಡು,” ಎಂದಳು.

ಆಗ ನನ್ನ ಬಾಯಿಂದ ಒಂದು ಮಾತು ಬಂತು. 'ಎತ್ತಿಕೊಂಡಿದ್ದನ್ನು ಕೆಳಗಿಳಿಸಿದ ಮೇಲೂ ತೋಳಿಗೆ ಅದರ ಭಾರ ಗೊತ್ತಿರುತ್ತದೆ.'

ಅದು ಎಲ್ಲಿಯ ಮಾತೆಂದು ನಿಮಗೆ ಗೊತ್ತು. ತುಮಕೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನೀವು ನನಗೆ ಹೇಳಿದ್ದು. 'ಪ್ರಪಂಚದ ಮಹಾನ್ ಚಿಂತಕರೊಬ್ಬರು ಹೇಳಿದ್ದಾರೆ' ಎಂದು ಶುರುಮಾಡಿ ಹೇಳಿದ್ದು. ಅವತ್ತು ಅದು ನನ್ನ ಮೈಮೇಲೆ ಬಿಸಿನೀರು ಚೆಲ್ಲಿದ ಹಾಗಾಗಿತ್ತು. ಜೀವಿತಾ ಮಾತ್ರ ಅದನ್ನು ಕೇಳಿ ನನ್ನ ಭುಜಕ್ಕೆ ಹಣೆ ಆನಿಸಿ ಅತ್ತಳು. ತಾಯಿ ಹೋದ ಮೇಲೆ ಅವಳು ಅತ್ತದ್ದೇ ಅದು ಮೊದಲಂತೆ. ಕಣ್ಣೊರೆಸಿಕೊಂಡು ಕೇಳಿದಳು: “ಯಾರು ಹೇಳಿದ್ದು ಇದು?” ತಾಯಿಯ ಫೋಟೊದ ಕೆಳಗೆ ಬರೆಸಬೇಕಂತೆ, ಹೇಳಿದವರ ಹೆಸರಿನ ಸಮೇತ.

ಮೊಬೈಲಿನಲ್ಲಿ ಹುಡುಕಿದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪದಗಳನ್ನು ಹಿಂದುಮುಂದು ಮಾಡಿ ಹುಡುಕಿದೆ. ಇಲ್ಲಿನ ಗ್ರಂಥಾಲಯದಲ್ಲಿ ಇರುವ ನುಡಿಮುತ್ತಿನ ಪುಸ್ತಕಗಳನ್ನೆಲ್ಲ ತಿರುವಿದೆ. ಎಲ್ಲೂ ಇಲ್ಲ.

ಆ ಹೆಸರೊಂದನ್ನು ಬರೆದು ಕಳಿಸಿ. ಅಷ್ಟೇ.

ಧನ್ಯಶ್ರೀ


ತಿಪಟೂರು
29 ಜುಲೈ 2024

ಚಿರಂಜೀವಿ ಧನ್ಯಶ್ರೀಗೆ,

ನಿನ್ನ ಪತ್ರ ಬಂದಾಗ ನಾನೂ ಇಮ್ದಾದೂ ಹಂದನಕೆರೆಯ ಶಾಲೆಯ ಸಮಾರಂಭಕ್ಕೆ ಸೌಂಡ್ ಬಾಕ್ಸುಗಳನ್ನು ಆಟೊಗೆ ಏರಿಸುತ್ತಿದ್ದೆವು. ನಿನ್ನನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಟ್ಟು ಬರುತ್ತಿದ್ದ ಇಮ್ದಾದನಿಗೆ ಈಗ ಗಡ್ಡವೆಲ್ಲ ಬೆಳ್ಳಗಾಗಿದೆ. ಆದರೂ ಆಂಪ್ಲಿಫೈಯರ್ ಬಿಚ್ಚಿ ಕೂತರೆ ಕೈ ಒಂದಿಷ್ಟೂ ಅದುರುವುದಿಲ್ಲ. ಲಕೋಟೆ ನೋಡಿದವನೇ, “ಅಣ್ಣಾ, ಧನು ಪಾಪು ಬರ್ದಿರೋದು ಕಣಣ್ಣಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಬಾಕ್ಸು ಕೆಳಗಿಟ್ಟು ಓದಿದೆ.

ಊರಿನ ಸುದ್ದಿ ಬರೆಯುತ್ತೇನೆ. ನಿನ್ನಮ್ಮನ ಹೆಸರಿನ ನಮ್ಮ 'ಸರ್ವಮಂಗಳ ಸೌಂಡ್ಸ್' ಬೋರ್ಡಿಗೆ ಹೊಸ ಬಣ್ಣ ಹಾಕಿಸಿದ್ದೇನೆ. ಪ್ರಚಾರದ ಆಟೊಗಳಲ್ಲಿ ಈಗ ಎಲ್ಲರೂ ರೆಕಾರ್ಡ್ ಮಾಡಿದ ಪೆನ್‌ಡ್ರೈವ್ ಹಾಕಿಕೊಂಡು ಓಡಾಡುತ್ತಾರೆ. ಆದರೂ ಕೊಬ್ಬರಿ ಖರೀದಿ ಕೇಂದ್ರದ ನೋಂದಣಿಯ ದಿನಾಂಕವೋ, ನಲ್ಲಿ ನೀರು ನಿಲ್ಲುವ ಸುದ್ದಿಯೋ, ಹಿರಿಯರು ಯಾರಾದರೂ ತೀರಿಕೊಂಡ ಸುದ್ದಿಯೋ ಆದರೆ ನನ್ನ ಧ್ವನಿಯೇ ಬೇಕು ಎಂದು ಕರೆಯುತ್ತಾರೆ. ಕೊನೆಗೆ ಮಹನೀಯರ ಒಂದು ನುಡಿಮುತ್ತು ಇರಲೇಬೇಕು. “ಮಲ್ಲಣ್ಣ, ದೊಡ್ಡೋರ್ ಮಾತು ಹೇಳ್ದೆ ಆಟೊ ಮುಂದಕ್ಕೆ ಬುಟ್ರೆ ಅಡ್ಡ ಹಾಕ್ಬುಡ್ತೀನಿ ನೋಡು,” ಎನ್ನುತ್ತಾನೆ ಕೊಬ್ಬರಿ ಮಂಡಿಯ ಮರುಳಪ್ಪ.

ಹಂದನಕೆರೆಯಲ್ಲಿ ಈ ಸಲ ನಿರೂಪಣೆಯನ್ನು ಇಮ್ದಾದನ ಮಗಳು ಕುಬ್ರಾ ಮಾಡಿದಳು. ನನ್ನ ಗಂಟಲು ಸ್ವಲ್ಪ ಕಟ್ಟಿದೆ. ಧೂಳು. ಹುಡುಗಿ ಚೆನ್ನಾಗಿ ಮಾತಾಡುತ್ತಾಳೆ. ವಿದ್ಯುತ್ ದೀಪದ ವಿಜ್ಞಾನಿಯ ಛಲದ ಬಗ್ಗೆ, ಕಲ್ಲಿನೊಳಗೆ ಮೂರ್ತಿ ಕಂಡ ಶಿಲ್ಪಿಯ ಬಗ್ಗೆ ನಾನು ಬರೆದುಕೊಟ್ಟದ್ದನ್ನು ಒಂದೂ ತಪ್ಪಿಲ್ಲದೆ ಹೇಳಿದಳು.

ಇನ್ನು ನೀನು ಕೇಳಿದ ವಿಷಯ. ಆ ಮಾತು ಹೊರದೇಶದ ಚಿಂತಕರೊಬ್ಬರದು. ಹೆಸರು ಈಗ ಜ್ಞಾಪಕಕ್ಕೆ ಬರುತ್ತಿಲ್ಲ. ಬಹಳ ಹಳೆಯದು. ನಿನ್ನ ಸ್ನೇಹಿತೆಗೆ 'ಅಜ್ಞಾತ' ಎಂದು ಬರೆಸಲು ಹೇಳು.

ನಿನ್ನಮ್ಮ ಕೊಬ್ಬರಿ ಮಿಠಾಯಿ ಮಾಡಿದ್ದಾಳೆ. ಕಳಿಸಲೇ? ಅಲ್ಲಿಯ ಬಿಸಿಲಿಗೆ ನಿಲ್ಲುತ್ತದೋ ಇಲ್ಲವೋ. ದೂರದ ಬಗ್ಗೆ ತತ್ವಜ್ಞಾನಿಯೊಬ್ಬರು ಒಂದು ಕಡೆ ಹೇಳಿರುವ ಹಾಗೆ...

ಇರಲಿ. ವೇಳೆಗೆ ಸರಿಯಾಗಿ ಊಟ ಮಾಡು.

ಆಶೀರ್ವಾದಗಳೊಂದಿಗೆ,
ಮಲ್ಲಿಕಾರ್ಜುನಯ್ಯ


ವಿಜಯಪುರ
6 ಆಗಸ್ಟ್ 2024

ಅಪ್ಪಾಜಿಗೆ,

ಹೆಸರು ಜ್ಞಾಪಕವಿಲ್ಲ ಎಂದು ಬರೆದಿದ್ದೀರಿ. ನಾನು ನಂಬುವುದಿಲ್ಲ. ಮನೆಗೆ ಎಣ್ಣೆ ತರುವುದು ನಿಮಗೆ ಮರೆತುಹೋಗುತ್ತಿತ್ತು, ನಾನು ಎಷ್ಟನೇ ಕ್ಲಾಸು ಎಂಬುದು ಮರೆತುಹೋಗುತ್ತಿತ್ತು. ಯಾವ ಮಾತು ಯಾರು ಹೇಳಿದ್ದು ಎಂಬುದು ಮಾತ್ರ ಒಂದು ದಿನವೂ ಮರೆತದ್ದಿಲ್ಲ. ನಾನು ಸೈಕಲ್ಲಿಂದ ಬಿದ್ದು ಬಂದರೆ ಒಬ್ಬ ವಿಜ್ಞಾನಿ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಒಬ್ಬ ದಾರ್ಶನಿಕ. ಮದುವೆಯಾಗಿ ವಿಜಯಪುರದ ರೈಲು ಹತ್ತಿದಾಗ ಎಲ್ಲರೂ ಅಳುತ್ತಿದ್ದರು, ನೀವು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಪ್ರಯಾಣದ ಬಗ್ಗೆ ಯಾರೋ ಅನ್ವೇಷಕರು ಹೇಳಿದ್ದನ್ನು ಹೇಳಿದಿರಿ.

ಅದೆಲ್ಲ ನನಗೆ ಸಿಟ್ಟು ತಂದಿರಲಿಲ್ಲ. ಸ್ನೇಹಿತೆಯರ ಮುಂದೆ 'ನಮ್ಮಪ್ಪ ಹಾಗೇ' ಎಂದು ಜಂಬವನ್ನೇ ಪಟ್ಟಿದ್ದೇನೆ. ಆದರೆ ಆಸ್ಪತ್ರೆಯ ದಿನ ಬೇರೆ.

ನಿಮಗೆ ಗೊತ್ತಿದೆಯೋ ಇಲ್ಲವೋ ಎಂದು ಬರೆಯುತ್ತಿದ್ದೇನೆ. ನನ್ನ ಮಗು ಒಂದೇ ಒಂದು ದಿನ ಬದುಕಿತ್ತು. ನೀವು ಚಿಕ್ಕನಾಯಕನಹಳ್ಳಿಯ ಕಾರ್ಯಕ್ರಮ ಮುಗಿಸಿ ಬರುವ ವೇಳೆಗೆ ಮಣ್ಣು ಮಾಡಿ ಬಂದಿದ್ದರು. ಕಾರಿಡಾರಿನ ಬೆಂಚಿನ ಮೇಲೆ ನಾನು ನಿಮಗಾಗಿ ಕಾಯುತ್ತಿದ್ದೆ. ಅಮ್ಮನ ಹತ್ತಿರ ಅತ್ತಾಗಿತ್ತು, ಮಹಾಂತೇಶರ ಹತ್ತಿರ ಅತ್ತಾಗಿತ್ತು. ಅಪ್ಪ ಬರಲಿ, ಬಂದರೆ ಇದು ಏನೆಂದು ನನಗೆ ತಿಳಿಯುತ್ತದೆ ಎಂದು ಕಾಯುತ್ತಿದ್ದೆ. ನೀವು ಬಂದಿರಿ. ನನ್ನ ಮುಂದೆ ನಿಂತಿರಿ. ಗಂಟಲು ಸರಿಮಾಡಿಕೊಂಡು, ಮೈಕಿನ ಧ್ವನಿಯಲ್ಲಿ, 'ಪ್ರಪಂಚದ ಮಹಾನ್ ಚಿಂತಕರೊಬ್ಬರು ಹೇಳಿದ್ದಾರೆ' ಎಂದಿರಿ. ಅಕ್ಕಪಕ್ಕದ ವಾರ್ಡಿನವರೆಲ್ಲ ತಿರುಗಿ ನೋಡಿದರು. ಯಾರೋ ಒಬ್ಬರು “ಎಷ್ಟ್ ಚೆನ್ನಾಗ್ ಹೇಳುದ್ರಿ ಸಾರ್” ಎಂದರು. ನೀವು ಅವರಿಗೆ ಕೈ ಮುಗಿದಿರಿ.

ನಾನು ಗೋಡೆ ಕಡೆ ತಿರುಗಿದೆ. ಆಮೇಲೆ ನಿಮ್ಮ ಫೋನ್ ಎತ್ತಲಿಲ್ಲ. ಸೂರ್ಯೋದಯದ ಚಿತ್ರದ ಮೇಲೆ ಮಹಾಪುರುಷರ ಮಾತು ಬರೆದು ದಿನಾ ಬೆಳಿಗ್ಗೆ ನೀವು ವಾಟ್ಸಾಪಿನಲ್ಲಿ ಕಳಿಸುತ್ತಿದ್ದಿರಲ್ಲ, ಅದಕ್ಕೇ ನಿಮ್ಮ ನಂಬರನ್ನು ಬ್ಲಾಕ್ ಮಾಡಿದೆ.

ನನಗೆ ಅವತ್ತು ನಿಮ್ಮ ಮಾತು ಬೇಕಿತ್ತು. ತಪ್ಪುತಪ್ಪಾಗಿ ಇದ್ದರೂ ಆಗುತ್ತಿತ್ತು. 'ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣವ್ವಾ' ಎಂದಿದ್ದರೂ ಸಾಕಿತ್ತು.

ಇನ್ನೊಂದು ಕಾಗದ ಬರೆಯುವುದಾದರೆ ದೊಡ್ಡವರನ್ನೆಲ್ಲ ಹೊರಗೆ ಕೂರಿಸಿ ಬರೆಯಿರಿ. ಆಗದಿದ್ದರೆ ಬೇಡ.

ಧನ್ಯಶ್ರೀ


ಹೊನ್ನವಳ್ಳಿ
2 ಸೆಪ್ಟೆಂಬರ್ 2024

ಮಗಳು ಧನುಗೆ,

ಕಾಯಿ ಕೆಡವಿಸಲು ತೋಟಕ್ಕೆ ಬಂದಿದ್ದೇನೆ. ನಿಮ್ಮಪ್ಪ ತಿಪಟೂರಿನಲ್ಲಿ ಇದ್ದಾರೆ. ಮನೆಯಲ್ಲಿ ಅವರು ನನ್ನ ಪಕ್ಕದಲ್ಲೇ ಇರುವುದರಿಂದ ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ. ಇಲ್ಲಿಂದ ಫೋನ್ ಮಾಡಿದರೆ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ, ಹೊಂದಿಸಿಕೊಂಡು ಓದು.

ನಿಮ್ಮಪ್ಪನ ಗಂಟಲಿಗೆ ಆಗಿರುವುದು ಧೂಳಲ್ಲ. ಯುಗಾದಿ ಕಳೆದ ಮೇಲೆ ಧ್ವನಿ ಒಡೆಯಲು ಶುರುವಾಯಿತು. ಹಬೆ ತೆಗೆದುಕೊಂಡರು, ಕಷಾಯ ಕುಡಿದರು. ತುಮಕೂರಿನಲ್ಲಿ ತೋರಿಸಿದೆವು, ಅವರು ಬೆಂಗಳೂರಿಗೆ ಬರೆದುಕೊಟ್ಟರು. ಗಂಟಲಿನಲ್ಲಿ ಗಂಟು ಬೆಳೆದಿದೆ, ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ. ತೆಗೆದರೆ ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಧೈರ್ಯ ಹೇಳಿದ್ದಾರೆ. ಮಾತು ಮಾತ್ರ ಬರುವುದಿಲ್ಲ. ಇಪ್ಪತ್ತಾರನೇ ತಾರೀಖು ಆಪರೇಷನ್.

ನಿನಗೆ ತಿಳಿಸೋಣ ಎಂದು ನಾನು ಹೇಳಿದ್ದಕ್ಕೆ ಬೇಡವೆಂದರು. “ನನ್ ಮೇಲಿನ್ ಸಿಟ್ಟು ಇಳುದ್ರೆ ಬರ್ಲಿ. ಕಾಯ್ಲೆ ನೋಡಕ್ಕೆ ಅಂತ ಬರದು ಬ್ಯಾಡ, ಬುಡು,” ಎಂದರು. ನಾನು ನಲವತ್ತು ವರ್ಷ ಅವರ ಮಾತು ಕೇಳಿದ್ದೇನೆ. ಇದೊಂದನ್ನು ಕೇಳಲಿಲ್ಲ.

ಇನ್ನೊಂದು ವಿಷಯ. ನಿನ್ನ ಎರಡನೇ ಕಾಗದ ಬಂದಾಗಿನಿಂದ ಅವರು ದಿನಾ ಬರೆಯಲು ಕೂರುತ್ತಾರೆ, ಹರಿದು ಹಾಕುತ್ತಾರೆ. ಮೊನ್ನೆ ಕೇಳಿದ್ದಕ್ಕೆ, “ಲೇ ಸರ್ವೀ, 'ನಾನು' ಅಂತ ಶುರು ಮಾಡುದ್ರೆ ಮುಂದಕ್ಕೇ ಹೋಗ್ತಿಲ್ಲ ಕಣೇ,” ಎಂದರು. ಊರಿಗೆಲ್ಲ ಮಾತು ಹಂಚಿದ ಮನುಷ್ಯ ಒಂದು ಬಿಳಿ ಹಾಳೆ ಮುಂದೆ ಕೂತು ಬೆವರುವುದನ್ನು ನೋಡಲಾರೆ ಮಗಾ.

ಬಾ ಎಂದು ಹೇಳುವುದಿಲ್ಲ. ಗೊತ್ತಿಲ್ಲದೆ ಹೋಗಬಾರದು ಎಂದು ಬರೆದೆ. ಮಹಾಂತೇಶರಿಗೂ ಹೇಳು.

ಅಮ್ಮ


ತಿಪಟೂರು
4 ಸೆಪ್ಟೆಂಬರ್ 2024

ಧನು,

ದೊಡ್ಡವರು ಯಾರೂ ಈ ಕಾಗದದಲ್ಲಿ ಇಲ್ಲ. ಹೊರಗೆ ಕೂರಿಸಿದ್ದೇನೆ. ಅವರಿಗೆ ಬೇಸರವಾಗುವುದಿಲ್ಲ, ನನ್ನ ಜೊತೆ ಬಹಳ ಕಾಲ ದುಡಿದವರು.

ನಿನ್ನ ತಾತ ಹುಚ್ಚಣ್ಣನನ್ನು ನೀನು ನೋಡಲಿಲ್ಲ. ಕಂದಿಕೆರೆಯಲ್ಲಿ, ಅವರು ತೀರಿಕೊಂಡ ಮೇಲಿನ ಆರಾಧನೆಯ ಊಟದ ದಿನ ನನಗೆ ಮೊದಲ ಸಲ ಮೈಕು ಕೊಟ್ಟರು. ಮೀಸೆ ಸರಿಯಾಗಿ ಬಂದಿರಲಿಲ್ಲ ನನಗೆ. ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕಿತ್ತು. ನಮ್ಮಪ್ಪ ಮರದ ಬುಡದಲ್ಲಿ ನಿಂತು, ತಲೆ ಎತ್ತಿ ನೋಡಿ, ಗೊನೆ ಬಲಿತಿದೆಯೋ ಇಲ್ಲವೋ ಹೇಳುತ್ತಿದ್ದ. ಯಾರ ಮಾತಿಗೂ ದುಡುಕಿ ಉತ್ತರ ಕೊಡುತ್ತಿರಲಿಲ್ಲ. ಬಲಿಯುವ ತನಕ ಕಾಯುವುದು ಎಷ್ಟು ಕಷ್ಟ ಎಂದು ಅವನನ್ನು ನೋಡಿ ತಿಳಿದೆ. ಅದನ್ನೇ ಹೇಳಿದೆ. ಒಬ್ಬರೂ ಕೇಳಲಿಲ್ಲ. ಬಡಿಸುವವರು ಬಡಿಸುತ್ತಿದ್ದರು, ಮಾತಾಡುವವರು ಮಾತಾಡುತ್ತಿದ್ದರು. “ಮೈಕ್ ಕೆಳಗ್ ಮಡುಗ್ಲಾ, ಪಾಯಸ ಬಂತು,” ಎಂದು ಒಬ್ಬರು ಕೂಗಿದರು. ಇಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಹೊನ್ನವಳ್ಳಿಯಲ್ಲಿ ಒಂದು ಸಮಾರಂಭ. ಅಲ್ಲಿ ಹೆದರಿಕೊಂಡೇ ಅದೇ ಮಾತನ್ನು ಇನ್ನೊಂದು ರೀತಿ ಹೇಳಿದೆ. 'ಮಹಾನ್ ವಿಜ್ಞಾನಿಯೊಬ್ಬರು ಹೇಳಿದ್ದಾರೆ, ಬಲಿಯುವ ತನಕ ಕಾಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ.' ಸಭೆಗೆ ಸಭೆಯೇ ಸುಮ್ಮನಾಯಿತು. ಆಮೇಲೆ ಚಪ್ಪಾಳೆ. ನಮ್ಮಪ್ಪನಿಗೆ ಸಿಗದಿದ್ದ ಆ ಮೌನ ಇಲ್ಲದ ವಿಜ್ಞಾನಿಯೊಬ್ಬನಿಗೆ ಸಿಕ್ಕಿತು.

ಆವತ್ತಿನಿಂದ ಹಾಗೇ ಆಯಿತು. ಎಲ್ಲವೂ ನಾನು ಕಟ್ಟಿದ್ದು ಎಂದುಕೊಳ್ಳಬೇಡ. ಪೇಪರಿನ ಮೂಲೆಯಲ್ಲಿ, ಕ್ಯಾಲೆಂಡರಿನ ಅಡಿಯಲ್ಲಿ, ಬಸ್ಸಿನ ಒಳಗೆ ಬರೆದದ್ದು ಎಷ್ಟು ಓದಿದ್ದೇನೆ, ಎಷ್ಟನ್ನು ಮನಸಾರೆ ಪ್ರೀತಿಸಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಆ ಮಾತುಗಳೇ ಸಾಕಿದವು. ನಡುನಡುವೆ ನನ್ನದೂ ಒಂದೊಂದು ಸೇರಿಕೊಂಡು ಹೋಗುತ್ತಿತ್ತು. ಊರಿನ ಜನಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಬರಬರುತ್ತಾ ನನಗೂ ತಿಳಿಯದಾಯಿತು.

ಆದರೆ ಆಸ್ಪತ್ರೆಯ ಮಾತು ತಿಳಿದಿದೆ. ಅದು ನನ್ನದು.

ಕಾರಿಡಾರಿಗೆ ಬಂದಾಗ ಮೊದಲು ಕಂಡದ್ದು ನಿನ್ನ ಎಡಗೈ. ಮಗು ಇಲ್ಲದಿದ್ದರೂ ಅದು ಎದೆಯ ಹತ್ತಿರ ಮಡಚಿಕೊಂಡೇ ಇತ್ತು. ನೀನು ಅದನ್ನು ಇಳಿಸಿರಲಿಲ್ಲ. ಜೀವಮಾನವಿಡೀ ಬಾಕ್ಸು ಹೊತ್ತವನು ನಾನು. ಇಳಿಸಿ ಎಷ್ಟು ಹೊತ್ತಾದರೂ ತೋಳು ಹಾಗೇ ನಿಂತಿರುತ್ತದೆ. ಆ ಮಾತು ಅಲ್ಲಿ ನಿನ್ನನ್ನು ನೋಡಿ ಹುಟ್ಟಿದ್ದು. ಹುಟ್ಟಿದ ಕೂಡಲೇ ನನಗೆ ಹೆದರಿಕೆಯಾಯಿತು. ಇಷ್ಟು ದೊಡ್ಡ ದುಃಖದ ಮುಂದೆ ಮೈಕ್ ಸೆಟ್ ಮಲ್ಲಣ್ಣನ ಮಾತು ಎಷ್ಟರದ್ದು? ಮಗಳಿಗೆ ಕೊಡುವುದು ಗಟ್ಟಿಯಾಗಿರಲಿ ಎಂದು ಮುಂದುಗಡೆ ಒಬ್ಬ ಮಹಾನ್ ಚಿಂತಕನನ್ನು ನಿಲ್ಲಿಸಿದೆ. ಅವನು ನಿನಗೂ ನನಗೂ ನಡುವೆ ಮೂರು ವರ್ಷ ನಿಂತ.

ನಿನ್ನ ಸ್ನೇಹಿತೆ ಹೆಸರಿಲ್ಲದೆಯೇ ಬರೆಸಿಕೊಳ್ಳಲಿ.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ಈ ವರ್ಷ ತೋಟಕ್ಕೆ ಮಳೆ ಪರವಾಗಿಲ್ಲ.

ಅಪ್ಪ


ವಿಜಯಪುರ
11 ಸೆಪ್ಟೆಂಬರ್ 2024

ಅಪ್ಪಾಜಿ,

ನಿಮ್ಮ ಕಾಗದವೂ ಅಮ್ಮನ ಕಾಗದವೂ ಒಟ್ಟಿಗೇ ಬಂದವು. ಇಬ್ಬರೂ ಒಂದೇ ವಾರ ಬರೆದಿದ್ದೀರಿ. 'ಎಲ್ಲ ಚೆನ್ನಾಗಿದ್ದೇವೆ' ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಅಮ್ಮನನ್ನು ಬೈಯಬೇಡಿ.

ಸಿಟ್ಟು ಇಳಿದರೆ ಬರಲಿ ಎಂದಿರಂತೆ. ಇಳಿದಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಅದು ತಿಳಿಯುವ ತನಕ ಕಾಯಲು ಈಗ ಸಮಯವಿಲ್ಲ. ರಜೆ ಬರೆದುಕೊಟ್ಟಿದ್ದೇನೆ. ಇಪ್ಪತ್ತೆರಡರ ರೈಲಿಗೆ ಹೊರಡುತ್ತೇನೆ.

ಅಲ್ಲಿಯ ತನಕ ಯಾರ ಹತ್ತಿರವೂ ಹೆಚ್ಚು ಮಾತಾಡಬೇಡಿ. ನನಗೆ ಸ್ವಲ್ಪ ಉಳಿಸಿಡಿ.

ಧನು


ವಿಜಯಪುರ
20 ಅಕ್ಟೋಬರ್ 2024

ಅಪ್ಪಾಜಿ,

ಹೊಲಿಗೆ ಬಿಚ್ಚಿದರು, ಮೂಗಿನ ನಳಿಗೆ ತೆಗೆದರು, ಗಂಜಿ ಬಾಯಿಯಲ್ಲೇ ಕುಡಿಯುತ್ತಿದ್ದೀರಿ ಎಂದು ಅಮ್ಮ ಹೇಳಿದಳು. ಇನ್ನೂ ಸ್ವಲ್ಪ ದಿನ ನಿಮ್ಮ ಜೊತೆ ಇರಬೇಕಿತ್ತು. ರಜೆ ಮುಗಿದಿತ್ತು.

ಇಲ್ಲಿ ಒಂದು ತಮಾಷೆ ನಡೆದಿದೆ. ಜೀವಿತಾ ತಾಯಿಯ ಫೋಟೊದ ಕೆಳಗೆ ಆ ಮಾತು ಬರೆಸಿ ಅದರ ಅಡಿಯಲ್ಲಿ 'ಮಲ್ಲಿಕಾರ್ಜುನಯ್ಯ, ತಿಪಟೂರು' ಎಂದು ಹಾಕಿಸಿದ್ದಾಳೆ. ಅವಳ ಮಾವ ಅದನ್ನು ಓದಿ, “ಇವ್ರು ಯಾವ ಕಾಲದ ಶರಣ್ರು?” ಎಂದು ಭಕ್ತಿಯಿಂದ ಕೇಳಿದರಂತೆ. ನಾನು ತಡೆಯಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ನಾನು ತಿಪಟೂರಿಗೆ ಬಂದ ದಿನದಿಂದ ಮನೆ ತುಂಬ ಜನ. ಯಾರ ಮದುವೆಯಲ್ಲಿ ನೀವು ಏನು ಹೇಳಿದ್ದಿರಿ ಎಂದು ಒಬ್ಬೊಬ್ಬರೂ ಜ್ಞಾಪಿಸಿಕೊಳ್ಳುವವರೇ. ಮರುಳಪ್ಪನವರು ಮೊಬೈಲನ್ನು ನಿಮ್ಮ ಮುಖದ ಮುಂದೆ ಹಿಡಿದು, “ಮಲ್ಲಣ್ಣ, ಕಡೇದಾಗಿ ಒಂದ್ ನುಡಿಮುತ್ತು ಹೇಳ್ಬುಡು, ರೆಕಾರ್ಡ್ ಮಾಡ್ಕೊತೀನಿ,” ಎಂದು ಕಣ್ಣಲ್ಲಿ ನೀರು ಹಾಕಿಕೊಂಡರು. ನೀವು ಅವರ ಕೈ ಹಿಡಿದುಕೊಂಡು ಬೇಡವೆಂದು ತಲೆ ಆಡಿಸಿದಿರಿ. ನನಗಾಗಿ ಉಳಿಸಿಕೊಳ್ಳುತ್ತಿದ್ದೀರಿ ಎಂದುಕೊಂಡೆ. ಬೆಂಗಳೂರಿಗೆ ಕಾರಿನಲ್ಲಿ ಹೋಗುವಾಗ ನಿಮ್ಮ ಪಕ್ಕದಲ್ಲೇ ಕೂತೆ. ನೀವು ಕಿಟಕಿಯ ಆಚೆ ತೆಂಗಿನ ತೋಟಗಳು ಮುಗಿಯುವ ತನಕ ಅವನ್ನೇ ನೋಡುತ್ತಿದ್ದಿರಿ. ಆಸ್ಪತ್ರೆಗೆ ಸೇರಿಸಿದ ಮೇಲೂ ಅಷ್ಟೇ. ನೀರು ಬೇಕು, ದಿಂಬು ಸರಿಮಾಡು, ಇಷ್ಟೇ. ಈ ಮನುಷ್ಯನಿಗೆ ದೊಡ್ಡವರನ್ನು ಬಿಟ್ಟರೆ ನಿಜವಾಗಿಯೂ ಮಾತೇ ಇಲ್ಲವೇನೋ, ನಾನು ಇಲ್ಲದ್ದನ್ನು ಕೇಳಿದೆನೇನೋ ಎಂದು ದುಃಖವಾಯಿತು.

ಆಪರೇಷನ್ನಿನ ಬೆಳಿಗ್ಗೆ ಅಮ್ಮ ಫ್ಲಾಸ್ಕ್ ಹಿಡಿದು ಕೆಳಗೆ ಹೋಗಿದ್ದಳು. ಹಸಿರು ಗೌನು ಹಾಕಿಕೊಂಡು ನೀವು ಚಿಕ್ಕವರಾಗಿ ಕಾಣುತ್ತಿದ್ದಿರಿ. ನನ್ನ ಮಣಿಕಟ್ಟು ಹಿಡಿದು, ಒಡೆದ ಧ್ವನಿಯಲ್ಲಿ, ಪಕ್ಕದ ಹಾಸಿಗೆಯವರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಿರಿ:

“ಧನು, ಪಾಪು ಮುಖ ಯಾರ್ ಥರ ಇತ್ತವ್ವಾ? ನಾನ್ ನೋಡ್ಲೇ ಇಲ್ವಲ್ಲಾ.”

ಅಪ್ಪಾಜಿ, ಮೂರು ವರ್ಷದಲ್ಲಿ ಒಬ್ಬರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಮರೆತುಬಿಡು ಎಂದರು, ಇನ್ನೊಂದು ಆಗುತ್ತದೆ ಎಂದರು, ದೇವರ ಇಚ್ಛೆ ಎಂದರು. ಅವಳಿಗೊಂದು ಮುಖವಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. “ಹಣೆ ಅವಳ ಅಪ್ಪನದು, ಅಗಲ,” ಎಂದೆ. “ಮೂಗು ನಮ್ಮಮ್ಮನದು.” ಅಷ್ಟರಲ್ಲಿ ಗಾಲಿ ಮಂಚ ತಂದರು. ನಿಮ್ಮನ್ನು ಮಲಗಿಸಿದರು. ನಾನು ಪಕ್ಕದಲ್ಲೇ ನಡೆದು ಬಂದೆ. ಬಾಗಿಲ ಹತ್ತಿರ ನನ್ನನ್ನು ತಡೆದರು. ನೀವು ತಲೆ ಹೊರಳಿಸಿ, “ಆಮೇಲೆ?” ಎಂದಿರಿ.

ನಿಮ್ಮ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಬಾಗಿಲು ಹಾಕಿಕೊಂಡಿತು. ಆಮೇಲಿನ ದಿನಗಳಲ್ಲಿ ನಿಮ್ಮ ಮೈತುಂಬ ನಳಿಗೆಗಳು, ಹೇಳುವುದಕ್ಕೆ ಆಗಲಿಲ್ಲ. ಈಗ ಹೇಳುತ್ತೇನೆ, ಕೇಳಿ.

ಆಮೇಲೆ ಅವಳ ಕಿವಿ. ಎಡಗಿವಿಯ ತುದಿ ಎಳೆ ವೀಳ್ಯದೆಲೆಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ನಾನು ಬೆರಳಿನಲ್ಲಿ ಬಿಡಿಸಿದರೆ ಮತ್ತೆ ಮಡಚಿಕೊಳ್ಳುತ್ತಿತ್ತು. ಕೂದಲು ಬಹಳ ಇತ್ತು, ಹಿಂದುಗಡೆ ಸುಳಿ ಎರಡು. ಕಣ್ಣು ಒಂದೇ ಒಂದು ಸಲ ಬಿಟ್ಟಳು, ಅದೂ ಒಂದೇ ಕಣ್ಣು, ಬೆಳಕು ಹೆಚ್ಚಾಯಿತು ಎನ್ನುವ ಹಾಗೆ. ಗಾಜಿನ ಪೆಟ್ಟಿಗೆಯ ರಂಧ್ರದಿಂದ ಕೈ ಹಾಕಿದರೆ ನನ್ನ ಕಿರುಬೆರಳು ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು ಅಪ್ಪಾಜಿ. ಇಷ್ಟು ಶಕ್ತಿ ಇರುವವಳು ಹೋಗುವುದಿಲ್ಲ ಎಂದುಕೊಂಡಿದ್ದೆ. ಬಿಕ್ಕಳಿಕೆ ಬರುತ್ತಿತ್ತು. ಅಂಗಾಲು ಕೆಂಪಗೆ ಇತ್ತು. ಕೊನೆಯಲ್ಲಿ ಅವಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಎಡಗೈ ಮೇಲೆ ಕೊಟ್ಟರು. ಸ್ವಲ್ಪ ಹೊತ್ತು ಬೆಚ್ಚಗೇ ಇದ್ದಳು.

ನಾಮಕರಣ ಆಗಲಿಲ್ಲ. ನನ್ನ ಮನಸ್ಸಿನಲ್ಲಿ ಒಂದು ಹೆಸರಿತ್ತು. ಮಹಾಂತೇಶರಿಗೂ ಹೇಳಿಲ್ಲ. ಇಂಪನಾ.

ನಿಮ್ಮ ಮಗಳು,
ಧನು


ತಿಪಟೂರು
12 ನವೆಂಬರ್ 2024

ಧನು,

ಉತ್ತರ ತಡವಾಯಿತು. ಕಾಗದ ಓದಿ ಕೆಲವು ದಿನ ಬರೆಯಲು ಆಗಲಿಲ್ಲ.

ನಾನು ಒಬ್ಬನೇ ಹಿತ್ತಲಲ್ಲಿ ಕೂತು ಓದಿದೆ. ಆಮೇಲೆ ನಿಮ್ಮಮ್ಮನ ಕೈಗೆ ಕೊಟ್ಟೆ. ನಮ್ಮಿಬ್ಬರ ನಡುವೆ ಆ ಮಗುವಿನ ಮಾತು ಇಲ್ಲಿಯ ತನಕ ಬಂದೇ ಇರಲಿಲ್ಲ. ಅವಳಿಗೆ ನೋವಾಗುತ್ತದೆ ಎಂದು ನಾನು, ನನಗೆ ನೋವಾಗುತ್ತದೆ ಎಂದು ಅವಳು. ಕಿವಿಯ ವಿಷಯ ಬಂದ ಕಡೆ ಅವಳು ಕಾಗದ ಮಡಿಲಲ್ಲಿಟ್ಟುಕೊಂಡು, “ಹೌದು ಕಣ್ರೀ, ಮಡ್ಚ್‌ಕೊಂಡಿತ್ತು. ನಾನೂ ನೋಡ್ದೆ,” ಎಂದಳು. ಎಷ್ಟು ದಿನದಿಂದ ಒಳಗಿಟ್ಟುಕೊಂಡಿದ್ದಳೋ.

ಕಡೆಯ ಸಾಲಿನ ಹೆಸರನ್ನು ಒಂದು ಸಲ ಬಾಯಿಬಿಟ್ಟು ಕರೆಯೋಣ ಅನ್ನಿಸಿತು. ಕರೆಯಲು ನನ್ನಲ್ಲಿ ಏನೂ ಇಲ್ಲ. ತುಟಿ ಆಡಿಸಿದೆ. ನಿಮ್ಮಮ್ಮ ನನ್ನ ತುಟಿ ನೋಡಿ ತಾನೇ ಗಟ್ಟಿಯಾಗಿ ಕರೆದಳು, ಬಾಗಿಲ ಆಚೆ ಆಡುತ್ತಿರುವವಳನ್ನು ಒಳಗೆ ಕರೆಯುವ ಹಾಗೆ. ಮನೆಯೊಳಗೆ ಆ ಹೆಸರು ಚೆನ್ನಾಗಿ ಕೇಳಿಸುತ್ತದೆ.

ಕೊರಳಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಕೊಟ್ಟಿದ್ದಾರೆ. ಹಿಡಿದುಕೊಂಡರೆ ಬೋರ್‌ವೆಲ್ ಮೋಟಾರು ಮಾತಾಡಿದ ಹಾಗಿದೆ. ಅದರ ಸ್ವರ ಸರಿಮಾಡುತ್ತೇನೆ ಎಂದು ಇಮ್ದಾದ್ ಬಿಚ್ಚಲು ಹೊರಟಿದ್ದ, ನಿಮ್ಮಮ್ಮ ಕಿತ್ತುಕೊಂಡು ಬೀರುವಿನಲ್ಲಿಟ್ಟಳು. ಕುಬ್ರಾ ಈಗ ಆಟೊದಲ್ಲಿ ನನ್ನ ಜಾಗದಲ್ಲಿ ಕೂರುತ್ತಾಳೆ. ಪ್ರಕಟಣೆ ಮುಗಿದ ಮೇಲೆ 'ನಮ್ಮ ಮಲ್ಲಣ್ಣನವರು ಹೇಳಿರುವಂತೆ' ಎಂದು ಏನಾದರೂ ಒಂದು ಸೇರಿಸುತ್ತಾಳೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಹೇಳಿಯೇ ಇಲ್ಲ. ಜನ ಸುಮ್ಮನಾಗಿ ಕೇಳುತ್ತಾರೆ. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿ ಒಳಗೊಳಗೇ ನಗುತ್ತೇನೆ. ನಗುವಿಗೂ ಸದ್ದಿಲ್ಲ.

ಇನ್ನೊಂದು ಕೇಳುತ್ತೇನೆ. ಮುಂದಿನ ಭಾನುವಾರ ಬೆಳಿಗ್ಗೆ ನಿಮ್ಮಮ್ಮ ಹೊನ್ನವಳ್ಳಿಗೆ ಹೋಗುತ್ತಾಳೆ. ಆಗ ನೀನು ನನ್ನ ನಂಬರಿಗೆ ಫೋನ್ ಮಾಡು. ಬ್ಲಾಕ್ ತೆಗೆದಿದ್ದೀಯೋ ಇಲ್ಲವೋ ಗೊತ್ತಿಲ್ಲ, ತೆಗೆದು ಮಾಡು. ನಾನು ಮಾತಾಡುವುದಿಲ್ಲ ಎಂದು ನೀನು ಹಲೋ ಹಲೋ ಎನ್ನುತ್ತಾ ಕೂರಬೇಡ. ಅವಳ ವಿಷಯ ಹೇಳುತ್ತಾ ಹೋಗು. ಬಿಕ್ಕಳಿಕೆ ಹೇಗೆ ಬರುತ್ತಿತ್ತು, ಬೆರಳು ಹೇಗೆ ಹಿಡಿದಳು, ಬರೆದದ್ದನ್ನೇ ಇನ್ನೊಂದು ಸಲ ಹೇಳಿದರೂ ಸರಿ. ಅವಳ ವಿಷಯ ಮುಗಿದರೆ ನಿನ್ನ ವಿಷಯ ಹೇಳು. ಅಳು ಬಂದರೆ ಅತ್ತು ಮುಂದುವರಿಸು. ನನಗೆ ಯಾವ ಕೆಲಸವೂ ಇಲ್ಲ.

ನಾನೀಗ ಉಸಿರಾಡುವುದು ಕೊರಳಿನ ರಂಧ್ರದಿಂದ. ಫೋನಿನಲ್ಲಿ ಅದು ಸುಯ್ ಸುಯ್ ಎಂದು ಕೇಳಿಸಬಹುದು. ಲೈನ್ ಕೆಟ್ಟಿದೆ ಎಂದುಕೊಂಡು ಇಟ್ಟುಬಿಡಬೇಡ.

ಅದು ನಾನೇ.

ಅಪ್ಪ